ಜಗುಲಿಯ ವೈಫೈಯೂ ಹಿಂಬದಿಯ ಕೋಣೆಯೂ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಪಟ್ಟಣಗಳಲ್ಲಿಯೂ ಅವುಗಳ ಸುತ್ತಣ ಹಳ್ಳಿಗಳಲ್ಲಿಯೂ ಈಗ ಬಹು ಮನೆಗಳಿಗೆ ಅಂತರ್ಜಾಲದ ತಂತಿಯು ಬಂದಿರುವುದು. ಅದರ ತುದಿಯಲ್ಲಿ ರೂಟರೆಂಬ ಚಿಕ್ಕ ಪೆಟ್ಟಿಗೆಯು ದೀಪಗಳನ್ನು ಮಿನುಗಿಸುತ್ತ ಕುಳಿತಿರುವುದು. ಆದರೂ “ನನ್ನ ಕೋಣೆಗೆ ನೆಟ್ ಬರುವುದಿಲ್ಲ” ಎಂಬ ದೂರು ಕಡಿಮೆಯಾಗಿಲ್ಲ. ಹೀಗೆ ದೂರುವವರು ಯಾರೆಂದು ವಿಚಾರಿಸಿದರೆ ಅವರು ಮನೆಯ ಯಜಮಾನರಲ್ಲ, ಬಹುಮಟ್ಟಿಗೆ ಮನೆಯ ಹೆಣ್ಣು ಮಕ್ಕಳು. ಇದು ಆಕಸ್ಮಿಕವಲ್ಲವೆಂದೂ, ದೋಷವು ಅನೇಕ ಸಲ ತಂತಿಯನ್ನು ಕೊಟ್ಟವರಲ್ಲಿರದೆ ಪೆಟ್ಟಿಗೆಯನ್ನಿಟ್ಟ ಸ್ಥಳದಲ್ಲಿಯೇ ಇರುವುದೆಂದೂ, ಅದನ್ನು ತಿದ್ದುವ ವಿದ್ಯೆಯನ್ನು ನಮ್ಮ ಹುಡುಗಿಯರೇ ಕಲಿಯತಕ್ಕದ್ದೆಂದೂ ನಮ್ಮ ಅಭಿಪ್ರಾಯ.

ಪೆಟ್ಟಿಗೆಯ ಸ್ಥಳವು ಹೇಗೆ ನಿಶ್ಚಯವಾಗುತ್ತದೆಂಬುದನ್ನು ನೋಡಿರಿ. ತಂತಿಯು ಬೀದಿಯ ಕಡೆಯಿಂದ ಬರುವುದು. ಅದನ್ನು ಎಳೆಯುವ ಕೆಲಸಗಾರನು ಮನೆಯ ಮುಂಭಾಗದಲ್ಲಿ ತಂತಿ ಮುಗಿದಲ್ಲಿಯೇ ಮೊಳೆ ಹೊಡೆದು ಪೆಟ್ಟಿಗೆಯನ್ನು ತೂಗಹಾಕಿ ಹೋಗುವನು. ಆ ಹೊತ್ತಿಗೆ ಅವನೊಡನೆ ಮಾತನಾಡುವವರು ಜಗುಲಿಯಲ್ಲಿರುವ ಗಂಡಸರು. ನಡುಮನೆಯನ್ನು ದಾಟಿ, ಅಡಿಗೆಮನೆಯ ಬದಿಯ ಕೋಣೆಯಲ್ಲಿ ಮಗಳು ಓದುತ್ತಿರುವಳೆಂಬುದನ್ನು ಅವನು ಕೇಳುವುದಿಲ್ಲ, ಇವರು ಹೇಳುವುದೂ ಇಲ್ಲ. ಹೀಗೆ ಜಗುಲಿಯಲ್ಲಿ ವರ್ತಮಾನವನ್ನೂ ಆಟವನ್ನೂ ನೋಡುವವರಿಗೆ ಪೂರ್ಣ ಬಲವೂ, ಪರೀಕ್ಷೆಗೆ ಓದುವವಳಿಗೆ ಅದರ ಶೇಷವೂ ದೊರೆಯುತ್ತವೆ. ಯಾರೂ ಅನ್ಯಾಯವನ್ನು ಮಾಡಬೇಕೆಂದು ಮಾಡಿದ್ದಲ್ಲ, ಆದರೂ ಅನ್ಯಾಯವಾಗಿದೆ.

ಇದರ ಫಲವನ್ನು ನಾವು 2020ರಲ್ಲಿ ಕಂಡೆವು. ಆ ವರುಷದ ಮಾರ್ಚ್ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಸರಕಾರವು ಚಂದನ ದೂರದರ್ಶನದಲ್ಲಿ ‘ಸಂವೇದ’ವೆಂಬ ಪಾಠಗಳನ್ನೂ, ಉಪಾಧ್ಯಾಯರು ಊರೂರಿಗೆ ಹೋಗಿ ಕಲಿಸುವ ‘ವಿದ್ಯಾಗಮ’ವನ್ನೂ ನಡಿಸಿತಾದರೂ, ಅನೇಕ ಹೈಸ್ಕೂಲು ಮಕ್ಕಳಿಗೆ ಮೊಬೈಲಿನ ಪರದೆಯೇ ಶಾಲೆಯಾಯಿತು. ಮನೆಯಲ್ಲಿ ವೈಫೈ ಇದ್ದರೂ ಪಾಠ ಕೇಳುವುದಕ್ಕಾಗಿ ಅಂಗಳದ ಮೆಟ್ಟಿಲಲ್ಲಿ ಕೊಡೆ ಹಿಡಿದು ಕುಳಿತ ಹುಡುಗಿಯರು ಆ ಮಳೆಗಾಲದಲ್ಲಿ ಇದ್ದರೆಂಬುದನ್ನು ಪಾಲಕರು ಮರೆತಿರಲಾರರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನವರೊಳಗೆ ಒಮ್ಮೆಯಾದರೂ ಅಂತರ್ಜಾಲವನ್ನು ಉಪಯೋಗಿಸಿದ ಪುರುಷರು ನೂರಕ್ಕೆ 57, ಸ್ತ್ರೀಯರು ನೂರಕ್ಕೆ 33. ಈ ಅಂತರಕ್ಕೆ ಕಾರಣಗಳು ಹಲವುಂಟು. ಅವುಗಳೊಳಗೆ ಮನೆಯ ಗೋಡೆಯೂ ಒಂದೆಂದು ಎಣಿಸುವವರು ಕಡಿಮೆ.

ಗೋಡೆಯೆಂದರೆ ಸಾಮಾನ್ಯವಾದುದಲ್ಲ. ವೈಫೈಯ ಅಲೆಯು ರೇಡಿಯೋದ ಅಲೆಯೇ. ಅದರ ಉದ್ದವು 2.4 ಗಿಗಾಹರ್ಟ್ಸಿನಲ್ಲಿ ಸುಮಾರು 12 ಸೆಂಟಿಮೀಟರ್. ಅಲೆಯು ಗೋಡೆಯನ್ನು ತೂರಿಹೋಗಬಲ್ಲದೆಂಬುದನ್ನು ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲಕತ್ತೆಯಲ್ಲಿ, ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದರು. ಆದರೆ ಪ್ರತಿಯೊಂದು ಗೋಡೆಯೂ ತನ್ನ ಸುಂಕವನ್ನು ತೆಗೆದುಕೊಂಡೇ ಅಲೆಯನ್ನು ಬಿಡುವುದು. ನಮ್ಮ ಸೀಮೆಯ ಚಿರೇಕಲ್ಲಿನ ಸುಂಕವು ಹೆಚ್ಚಿನದು. ಬುಕಾನನ್ ಎಂಬಾತನು 1800ರಲ್ಲಿ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ಲ್ಯಾಟರೈಟ್ ಎಂದು ಕರೆದನು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದು ಅದರ ಗುಣ. ಮೈತುಂಬ ರಂಧ್ರಗಳಿರುವ ಈ ಕಲ್ಲು ಮಳೆಗಾಲದಲ್ಲಿ ನೀರನ್ನು ಹೀರಿಕೊಳ್ಳುವುದು, ನೀರಾದರೋ ಈ ಅಲೆಯನ್ನು ಹೀರಿಕೊಳ್ಳುವುದು. ಮಿರ್ಜಾನಿನ ಕೋಟೆಯನ್ನು ಕಟ್ಟಿದ್ದೂ ಇದೇ ಕಲ್ಲಿನಿಂದ. ಹಗೆಯನ್ನು ತಡೆಯಲಿಕ್ಕೆ ಯೋಗ್ಯವಾದ ಗೋಡೆಯು ಪಾಠವನ್ನೂ ತಡೆದರೆ ಆಶ್ಚರ್ಯವೇನು?

ಇನ್ನು ದೂರದ ಲೆಕ್ಕ. ಬಯಲಿನಲ್ಲಿಯೇ ದೂರವು ಎರಡರಷ್ಟಾದರೆ ಅಲೆಯ ಬಲವು ನಾಲ್ಕರಲ್ಲೊಂದು ಪಾಲಾಗುವುದು. ನಡುವೆ ಮೂರು ಗೋಡೆಗಳಿದ್ದರೆ ಹೇಳತಕ್ಕದ್ದೇ ಇಲ್ಲ. ಈ ಬಲವನ್ನು ಅಳೆಯುವ ಮಾನವು ಡಿಬಿಎಂ. ಮೊಬೈಲಿನ ಕೆಲವು ಉಚಿತ ಆ್ಯಪ್‌ಗಳು ಇದನ್ನು ತೋರಿಸುತ್ತವೆ. ಮೈನಸ್ 50 ಇದ್ದರೆ ಉತ್ತಮ, ಮೈನಸ್ 67ರ ವರೆಗೆ ಮುಖ ನೋಡಿ ಮಾತನಾಡುವ ಪಾಠಕ್ಕೆ ಸಾಕು, ಮೈನಸ್ 80ಕ್ಕೆ ಇಳಿದರೆ ಮಾತು ತುಂಡುತುಂಡಾಗುವುದು. 67ಕ್ಕೂ 80ಕ್ಕೂ ಅಂತರವು ಅಲ್ಪವೆಂದು ತೋರಬಹುದು. ಆದರೆ ಈ ಮಾನದಲ್ಲಿ ಮೂರು ಇಳಿದರೆ ಬಲವು ಅರ್ಧ, ಹತ್ತು ಇಳಿದರೆ ಹತ್ತನೆಯ ಪಾಲು. ಆದಕಾರಣ ಹದಿಮೂರು ಇಳಿದಾಗ ಉಳಿಯುವುದು ಇಪ್ಪತ್ತನೆಯ ಒಂದು ಪಾಲು ಮಾತ್ರ.

ರೋಗವನ್ನು ತಿಳಿಯದೆ ಔಷಧವನ್ನು ಕೊಡಬಾರದು. ಮೊದಲನೆಯದಾಗಿ, ಪೆಟ್ಟಿಗೆಯ ಬಳಿಯಲ್ಲಿಯೇ ಕುಳಿತು, ಸಾಧ್ಯವಾದರೆ ಕಂಪ್ಯೂಟರನ್ನು ಅದಕ್ಕೆ ಕೇಬಲಿನಿಂದ ಜೋಡಿಸಿ, ವೇಗವನ್ನು ನೋಡತಕ್ಕದ್ದು. ಕೇಬಲಿನಲ್ಲಿಯೂ ವೇಗವಿಲ್ಲದಿದ್ದರೆ ದೋಷವು ಹೊರಗಿನಿಂದ ಬರುವ ತಂತಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಇರುವುದು. ಆಗ ತಂತಿ ಕೊಟ್ಟವರನ್ನು ಕೇಳುವುದು ನ್ಯಾಯ. ಅಲ್ಲಿ ವೇಗವಿದ್ದು ಹಿಂಬದಿಯ ಕೋಣೆಯಲ್ಲಿ ಇಲ್ಲದಿದ್ದರೆ ದೋಷವು ನಮ್ಮ ಮನೆಯೊಳಗಿನದು. ಹೆಚ್ಚು ಹಣದ ಪ್ಲಾನನ್ನು ಕೊಂಡರೂ ಅದು ಹೋಗುವುದಿಲ್ಲ. ಎರಡನೆಯದಾಗಿ, ಮೊಬೈಲನ್ನು ಹಿಡಿದು ಕೋಣೆ ಕೋಣೆಗೂ ನಡೆದು ಆಯಾ ಸ್ಥಳದ ಸಂಖ್ಯೆಯನ್ನು ಮನೆಯ ನಕ್ಷೆಯಲ್ಲಿ ಬರೆಯತಕ್ಕದ್ದು. ಮೂರನೆಯದಾಗಿ, ಬಲವು ಸಾಕಷ್ಟಿದ್ದರೂ ಪಾಠವು ತಡೆಯುತ್ತಿದ್ದರೆ ನೆರೆಹೊರೆಯ ಗದ್ದಲವನ್ನು ವಿಚಾರಿಸತಕ್ಕದ್ದು.

ಈ ಗದ್ದಲದ ವಿಷಯದಲ್ಲಿ ನಮ್ಮ ಊರುಗಳು ಒಂದೇ ಬಗೆಯಾಗಿಲ್ಲ. ಹೊನ್ನಾವರದ ಹೊಳೆಯಂಚಿನಲ್ಲಿಯೂ ಕುಮಟೆಯ ತೋಟಗಳ ನಡುವೆಯೂ ಒಂಟಿಯಾಗಿರುವ ಮನೆಗಳಿಗೆ ದೂರದ್ದೂ ಗೋಡೆಯದೂ ತೊಂದರೆ. ಭಟ್ಕಳದ ಕಿರಿದಾದ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿರುವ ಮನೆಗಳಿಗೆ ನೆರೆಯ ಪೆಟ್ಟಿಗೆಗಳ ತೊಂದರೆ. ಕೊಲ್ಲಿ ದೇಶಗಳಲ್ಲಿರುವ ತಂದೆಯನ್ನೋ ಅಣ್ಣನನ್ನೋ ನೋಡಿ ಮಾತನಾಡಬೇಕೆಂದು ರಾತ್ರಿಯ ಹೊತ್ತು ಎಲ್ಲರೂ ಕುಳಿತುಕೊಂಡರೆ ಅಲೆಗಳ ಸಂತೆಯಾಗುವುದು. 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ನಮ್ಮ ಸರಕಾರವು 2005ರಲ್ಲಿ ಅಲ್ಪಬಲದ ಉಪಕರಣಗಳಿಗಾಗಿ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟಿತು. ಅದು ಎಲ್ಲರ ಹಾದಿ, ಆದಕಾರಣ ಜನಜಂಗುಳಿಯ ಹಾದಿ. ಅದರಲ್ಲಿ ಒಂದಕ್ಕೊಂದು ಮೈತಾಗದ ಚಾನೆಲುಗಳು 1, 6, 11 ಎಂಬ ಮೂರೇ. ನೆರೆಯವರೊಡನೆ ಮಾತನಾಡಿ ಇವುಗಳನ್ನು ಹಂಚಿಕೊಳ್ಳುವುದು ಒಳ್ಳೇದು. 5 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಚಾನೆಲುಗಳು ಹೆಚ್ಚು, ಗದ್ದಲ ಕಡಿಮೆ; ಆದರೆ ಆ ಅಲೆಯು ಗೋಡೆಯನ್ನು ದಾಟುವುದರಲ್ಲಿ ಇನ್ನೂ ದುರ್ಬಲ.

ಹೀಗೆ ತಿಳಿದ ಮೇಲೆ ಪರಿಹಾರವು ಸುಲಭ. ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿ, ಕಬ್ಬಿಣದ ಕಪಾಟಿನಿಂದಲೂ ಮೈಕ್ರೋವೇವ್ ಒಲೆಯಿಂದಲೂ ದೂರವಾಗಿ ಇಡತಕ್ಕದ್ದು. ಮನೆಯು ಉದ್ದವಾಗಿದ್ದರೆ ಒಂದು ಕೇಬಲನ್ನು ಒಳಕ್ಕೆಳೆದು, ಹಿಂಬದಿಯಲ್ಲಿ ಎರಡನೆಯ ಪೆಟ್ಟಿಗೆಯನ್ನು ಇಡತಕ್ಕದ್ದು; ಇಂಥ ಕೇಬಲು 100 ಮೀಟರಿನ ವರೆಗೆ ನಡೆಯುವುದರಿಂದ ನಮ್ಮ ಮನೆಗಳಿಗೆ ಸಾಲದೆಂಬ ಭಯವಿಲ್ಲ. ಅಲೆಯನ್ನೇ ಹಿಡಿದು ಮತ್ತೆ ಬಿಡುವ ರಿಪೀಟರನ್ನು ಹಲವರು ಕೊಳ್ಳುವರು. ಆದರೆ ಒಂದೇ ಚಾನೆಲಿನಲ್ಲಿ ಒಂದೇ ಮಾತನ್ನು ಎರಡು ಸಲ ಆಡಬೇಕಾಗುವುದರಿಂದ ಅದರ ವೇಗವು ಅರ್ಧಕ್ಕೆ ಇಳಿಯುವುದು. ಹೆಚ್ಚು ಬಲದ ಪೆಟ್ಟಿಗೆಯನ್ನು ತಂದರೂ ಪೂರ್ಣ ಪ್ರಯೋಜನವಿಲ್ಲ, ಯಾಕಂದರೆ ಇದು ಸಂಭಾಷಣೆ. ಪೆಟ್ಟಿಗೆಯ ಕೂಗು ಮೊಬೈಲಿಗೆ ಕೇಳಿಸಿದರೂ ಮೊಬೈಲಿನ ಕ್ಷೀಣ ಸ್ವರವು ಪೆಟ್ಟಿಗೆಗೆ ಕೇಳಿಸಬೇಕಲ್ಲವೆ?

ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚಿನ ಯೋಜನೆ ಬೇಕು. ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬಹುದು; ದೂರದಲ್ಲಿರುವವರು ನಿಧಾನವಾಗಿ ಮಾತನಾಡುವುದರಿಂದ ಎಲ್ಲರ ಸಮಯವನ್ನೂ ತೆಗೆದುಕೊಳ್ಳುವರು. ನಲವತ್ತು ಮಕ್ಕಳ ತರಗತಿಗೆ ಉದ್ದ ಪಡಸಾಲೆಯ ತುದಿಯ ಪೆಟ್ಟಿಗೆಯೊಂದನ್ನೇ ನಂಬಿದರೆ ಯಾರ ಕೆಲಸವೂ ಆಗದು. ಕೋಣೆಗಳನ್ನು ಅಳೆದು, ಉಪಯೋಗಿಸುವವರನ್ನು ಎಣಿಸಿ, ಕೇಬಲಿನಿಂದ ಜೋಡಿಸಿದ ಹಲವು ಪೆಟ್ಟಿಗೆಗಳನ್ನು ಅಲ್ಪಬಲದಲ್ಲಿ ನಡಿಸುವುದೇ ಸರಿಯಾದ ಮಾರ್ಗ. ಮನೆಯ ವಿಷಯದಲ್ಲಿಯೂ ಈ ನಿಯಮವುಂಟು: ಹಿಂಬದಿಯ ಕೋಣೆಯ ಮಗಳ ಮೊಬೈಲು ತೊದಲುತ್ತಿದ್ದರೆ ಜಗುಲಿಯ ಯಜಮಾನರ ವೇಗವೂ ಕುಗ್ಗುವುದು. ಅವಳಿಗೆ ಮಾಡಿದ ಉಪಕಾರವು ಎಲ್ಲರಿಗೂ ಉಪಕಾರವೇ.

ಇಲ್ಲಿ ಕೆಲವು ಪಾಲಕರು ಒಂದು ಆಕ್ಷೇಪವನ್ನು ತರುವರು. ಒಳಕೋಣೆಗೆ ಅಂತರ್ಜಾಲವನ್ನು ಕೊಟ್ಟರೆ ಹೆಣ್ಣು ಮಕ್ಕಳು ಕೆಡುವರು, ಜಗುಲಿಯಲ್ಲಿದ್ದರೆ ನಮ್ಮ ಕಣ್ಣೆದುರಿಗಿರುವರು ಎಂಬುದೇ ಅದು. ಇವರ ಭಯವನ್ನು ನಾವು ಹಾಸ್ಯ ಮಾಡುವುದಿಲ್ಲ. ಅಂತರ್ಜಾಲದಲ್ಲಿ ಕೇಡು ಉಂಟು. ಆದರೆ ಕೇಡು ಗಂಡು ಮಕ್ಕಳಿಗೂ ಸಮಾನವಾಗಿಯೇ ಉಂಟು, ಅವರ ಸಲುವಾಗಿ ಯಾರೂ ಪೆಟ್ಟಿಗೆಯ ಸ್ಥಳವನ್ನು ಬದಲಾಯಿಸಲಿಲ್ಲ. ಎಷ್ಟು ಹೊತ್ತು, ಯಾವ ಕೆಲಸಕ್ಕೆ ಎಂಬ ನಿಯಮಗಳನ್ನು ರೂಟರಿನಲ್ಲಿಯೇ ಇಡಬಹುದು. ಅದಕ್ಕಿಂತ ಮಿಗಿಲಾಗಿ ಮಕ್ಕಳೊಡನೆ ಮಾತನಾಡಬಹುದು. ಗೋಡೆಯು ಶಿಕ್ಷಣದ ಸಾಧನವಲ್ಲ. ರಾತ್ರಿ ಎಂಟಕ್ಕೆ ಅಂಗಳದಲ್ಲಿ ನಿಂತು ಪಾಠವನ್ನು ಇಳಿಸಿಕೊಳ್ಳುವ ಹುಡುಗಿಯು ಒಳಗೆ ಮೇಜಿನ ಮುಂದೆ ಕುಳಿತವಳಿಗಿಂತ ಹೆಚ್ಚು ಕ್ಷೇಮವಾಗಿರುವಳೆಂದು ಯಾವ ತಾಯಿಯು ಒಪ್ಪುವಳು?

ಖರ್ಚಿನ ಮಾತು ಎರಡನೆಯ ಆಕ್ಷೇಪ. ಆದರೆ ಮೊದಲನೆಯ ಪರಿಹಾರಕ್ಕೆ, ಎಂದರೆ ಪೆಟ್ಟಿಗೆಯನ್ನು ನಡುಮನೆಗೆ ಸರಿಸುವುದಕ್ಕೆ, ಕೆಲವು ಮಾರು ತಂತಿಯ ಹೊರತು ಬೇರೆ ಖರ್ಚಿಲ್ಲ. ಯಾವುದನ್ನು ಕೊಳ್ಳಬೇಕೆಂಬುದು ನಕ್ಷೆಯನ್ನು ಬರೆದ ಮೇಲಿನ ಮಾತು.

ಈ ವಿದ್ಯೆಯು ಹೆಂಗಸರಿಗೆ ತಕ್ಕದ್ದಲ್ಲವೆನ್ನುವವರು ಚರಿತ್ರೆಯನ್ನು ಓದಲಿ. ರೇಡಿಯೋದ ಕಂಪನಸಂಖ್ಯೆಯನ್ನು ಕ್ಷಣಕ್ಷಣಕ್ಕೂ ಬದಲಾಯಿಸುವ ಉಪಾಯಕ್ಕೆ 1942ರಲ್ಲಿ ಅಮೇರಿಕದ ಪೇಟೆಂಟನ್ನು ಪಡೆದ ಇಬ್ಬರಲ್ಲಿ ಒಬ್ಬಳು ಹೆಡಿ ಲಮಾರ್ ಎಂಬ ನಟಿ. 1997ರಲ್ಲಿ ಹೊರಟ ವೈಫೈಯ ಮೊದಲನೆಯ ಕಟ್ಟಳೆಯಲ್ಲಿ ಈ ಬಗೆಯ ಉಪಾಯಕ್ಕೂ ಸ್ಥಾನವಿತ್ತು. ಕೇಬಲುಗಳು ಸುತ್ತುಹಾಕಿಕೊಂಡು ಜಾಲವು ಉಸಿರುಗಟ್ಟದಂತೆ ಕಾಯುವ ಕ್ರಮವನ್ನು 1985ರಲ್ಲಿ ಕಂಡುಹಿಡಿದವಳು ರಾಡಿಯಾ ಪರ್ಲ್‌ಮನ್. ಬಟ್ಟೆಗೆ ಅಳತೆ ಹಿಡಿಯುವ, ಅಡಿಗೆಗೆ ಪ್ರಮಾಣವನ್ನು ನೋಡುವ ಕೈಗೆ ಅಲೆಯ ಅಳತೆಯು ದೊಡ್ಡದಲ್ಲ.

ಆದದರಿಂದ ನಮ್ಮ ವಿಜ್ಞಾಪನೆಯು ಇಷ್ಟೇ. ಹೈಸ್ಕೂಲಿನ ಪ್ರತಿ ಹುಡುಗಿಯೂ ವಿಜ್ಞಾನದ ಅಭ್ಯಾಸವಾಗಿ ತನ್ನ ಮನೆಯ ನಕ್ಷೆಯನ್ನು ಬರೆದು, ಕೋಣೆಕೋಣೆಯ ಬಲವನ್ನು ಅದರಲ್ಲಿ ಗುರುತಿಸಿ ತರಲಿ. ಈ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ರಜೆಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನವನ್ನು ಶಾಲೆಗೆ ಕೊಟ್ಟು ಆ ನಕ್ಷೆಗಳನ್ನು ತಿದ್ದಲಿ. ಪಾಲಕರಾದರೋ ಇನ್ನು ಮುಂದೆ ತಂತಿಯವನು ಬಾಗಿಲಿಗೆ ಬಂದಾಗ ಮೊದಲು ಒಳಗೆ ಕೂಗಿ, “ಮಗಳೇ, ನೀನು ಓದಲಿಕ್ಕೆ ಎಲ್ಲಿ ಕುಳಿತುಕೊಳ್ಳುವೆ?” ಎಂದು ಕೇಳಲಿ. ಮೊಳೆಯನ್ನು ಹೊಡೆಯುವುದು ಆ ಉತ್ತರವು ಬಂದ ಮೇಲೆ.