ಹಳೆಯ ಆಟ, ಕೇಳದೆ ಉಳಿದ ಪ್ರಶ್ನೆ

ನಡುವಯಸ್ಸಿನವರು ಕಂಪ್ಯೂಟರ್ ಆಟಗಳತ್ತ ಮರಳುವುದನ್ನು ಕಂಡು ಹುಬ್ಬೇರಿಸುವವರಿದ್ದಾರೆ. ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಳ್ಳುವವರೇ ಆಟಕ್ಕೆ ಕುಳಿತರೆ ಹೇಗೆ ಎಂಬ ಅವರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಶಿಕ್ಷಕನಾದ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ನನ್ನ ಅಭಿಪ್ರಾಯ ತುಸು ಬದಲಾಗಿದೆ.

ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ರೂಪಿಸಿ, 1999ರಲ್ಲಿ ಮೈಕ್ರೋಸಾಫ್ಟ್ ಹೊರತಂದ 'ಏಜ್ ಆಫ್ ಎಂಪೈರ್ಸ್ 2' ಆಟವನ್ನು ನಾವು ನಾಲ್ವರು ಗೆಳೆಯರು ತಾರುಣ್ಯದಲ್ಲಿ ಸೈಬರ್ ಕೆಫೆಯೊಂದರಲ್ಲಿ ಆಡುತ್ತಿದ್ದೆವು. ಸುಲ್ತಾನ್ ಸಲಾಹುದ್ದೀನರ ದಂಡಯಾತ್ರೆಯ ಅಧ್ಯಾಯಗಳು ಅದರಲ್ಲಿದ್ದುದು ನಮ್ಮನ್ನು ಸೆಳೆದಿತ್ತು. ಬಳಿಕ ಉದ್ಯೋಗ, ಸಂಸಾರಗಳು ನಮ್ಮನ್ನು ಚದುರಿಸಿದವು. 2019ರಲ್ಲಿ ಆಟದ ನವೀಕೃತ ಆವೃತ್ತಿ ಬಂದಿತ್ತು. ಕಳೆದ ಕೆಲವು ತಿಂಗಳುಗಳಿಂದ ವಾರಕ್ಕೊಮ್ಮೆ ಅದರಲ್ಲಿ ಮತ್ತೆ ಒಂದಾಗುತ್ತಿದ್ದೇವೆ.

ಆಟ ಸಾಮಾನ್ಯವಾಗಿ ಮೂವರು ಗ್ರಾಮಸ್ಥರಿಂದ ಆರಂಭವಾಗುತ್ತದೆ. ಅವರು ಆಹಾರ, ಮರ, ಚಿನ್ನ, ಕಲ್ಲುಗಳನ್ನು ಕೂಡಿಹಾಕಬೇಕು. ಬರಿದಾದ ಹೊಲವನ್ನು ಮತ್ತೆ ಬಿತ್ತಬೇಕು. ಅಂದು ನಮ್ಮ ಕಣ್ಣೆಲ್ಲ ಕುದುರೆ ಸವಾರರ ಮೇಲೆ, ಕೋಟೆಗಳ ಮೇಲೆ. ದುಡಿಯುವವರನ್ನು ಮರೆತವನ ಸೈನ್ಯ ಎಷ್ಟು ಬೇಗ ಕರಗುತ್ತದೆಂಬುದು ಮನೆ ನಡೆಸಿದ ಮೇಲೆ ಚೆನ್ನಾಗಿ ಅರ್ಥವಾಗಿದೆ.

ಈ ಆಟದಲ್ಲಿ ಇನ್ನೊಂದು ವ್ಯವಸ್ಥೆಯಿದೆ. ಮಾರುಕಟ್ಟೆ ಕಟ್ಟಿದವನು ಸಂಕಷ್ಟದಲ್ಲಿರುವ ಮಿತ್ರನಿಗೆ ತನ್ನ ಸಂಪತ್ತಿನ ಪಾಲನ್ನು ಕಳುಹಿಸಬಹುದು. ಮೊದಲಿಗೆ ಅದಕ್ಕೆ ಶೇ. 30 ಸುಂಕವಿರುತ್ತದೆ. ನಷ್ಟವಾದರೂ ಕಳುಹಿಸುತ್ತೇವೆ, ಏಕೆಂದರೆ ಮಿತ್ರನು ನೆಲಕಚ್ಚಿದರೆ ಮುಂದಿನ ಸರದಿ ನಮ್ಮದೇ.

ಒಂದು ರಾತ್ರಿ ನಮ್ಮಲ್ಲೊಬ್ಬ, "ಸ್ವಲ್ಪ ಮರ ಕಳುಹಿಸಿ" ಎಂದ. ಮೂವರೂ ತಕ್ಷಣ ಕಳುಹಿಸಿದೆವು. ತುಸು ಹೊತ್ತು ಮೌನವಾಗಿದ್ದು ಅವನು ಹೇಳಿದ: "ಇಲ್ಲಿ ಎಷ್ಟು ಸುಲಭವಾಗಿ ಕೇಳಿಬಿಟ್ಟೆ ನೋಡಿ." ಅವನ ಅಂಗಡಿ ಮುಚ್ಚಿ ಎರಡು ತಿಂಗಳಾಗಿತ್ತು. ಮಕ್ಕಳ ಶಾಲಾ ಶುಲ್ಕ ಬಾಕಿಯಿತ್ತು. ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವೂ ಶುಭಾಶಯ ವಿನಿಮಯ ಮಾಡುತ್ತಿದ್ದ ನಮಗೆ ಅದು ತಿಳಿದಿರಲಿಲ್ಲ. ಅವನು ಸಂಕೋಚದಿಂದ ಹೇಳಲಿಲ್ಲ. ನಾವು ಕೇಳಲೇ ಇಲ್ಲ. ಯಾರ ತಪ್ಪು ದೊಡ್ಡದೆಂದು ನನ್ನನ್ನು ಕೇಳಿದರೆ, ನಮ್ಮದೇ ಎನ್ನುತ್ತೇನೆ. ಅಂದು ಆಟವನ್ನು ಅಲ್ಲಿಗೇ ನಿಲ್ಲಿಸಿ, ಮಾಡಬೇಕಾದುದರ ಬಗ್ಗೆ ಮಾತನಾಡಿದೆವು.

ಹಾಗೆಂದು ರಾತ್ರಿಯಿಡೀ ಪರದೆಯ ಮುಂದೆ ಕೂರುವುದನ್ನು ನಾನು ಸಮರ್ಥಿಸುತ್ತಿಲ್ಲ. ನಿದ್ದೆಯನ್ನೂ ಮನೆಯವರ ಪಾಲಿನ ಸಮಯವನ್ನೂ ನುಂಗುವ ಆಟ ಹಾನಿಕರವೇ. ನಾವು ವಾರಕ್ಕೆ ಒಂದೂವರೆ ಗಂಟೆಯ ಮಿತಿ ಹಾಕಿಕೊಂಡಿದ್ದೇವೆ. ಅದರಲ್ಲಿ ಮೊದಲ ಕಾಲು ಗಂಟೆ ಆಟವಿಲ್ಲ. ಪ್ರತಿಯೊಬ್ಬನ ಮನೆಯ ಕ್ಷೇಮ ವಿಚಾರಿಸುತ್ತೇವೆ, ಉತ್ತರ ಬರುವವರೆಗೆ ಕಾಯುತ್ತೇವೆ. ಸ್ನೇಹಿತರೊಂದಿಗೆ ಹಳೆಯ ಆಟಕ್ಕೆ ಮರಳಬೇಕೆನ್ನುವವರಿಗೆ ನನ್ನ ಸಲಹೆಯೂ ಇಷ್ಟೇ: ಆ ಕಾಲು ಗಂಟೆಯನ್ನು ಬಿಡಬೇಡಿ.