ಬನಶಂಕರಿಯ ಬುಟ್ಟಿಯ ಊಟ

ಬನದ ಹುಣ್ಣಿಮೆಯ ಜಾತ್ರೆಯ ನಿಮಿತ್ತ ನಾವು ಚೊಳಚಗುಡ್ಡಕ್ಕೆ ಹೋಗಿದ್ದಾಗ, ಬಾದಾಮಿಯ ಗುಹೆಗಳನ್ನು ನೋಡಲು ಬಂದಿದ್ದ ಒಬ್ಬ ಜರ್ಮನ್ ಗೃಹಸ್ಥರ ಭೆಟ್ಟಿಯಾಯಿತು. ಕ್ರಿ. ಶ. 578 ರ ಶಾಸನವುಳ್ಳ ಮೂರನೆಯ ಗುಹೆಯನ್ನು ಅವರು ಮನದಣಿಯೆ ನೋಡಿದ್ದರು. ನಮ್ಮ ಶಿಲ್ಪಿಗಳ ಕೈಚಳಕವನ್ನು ಬಾಯ್ತುಂಬ ಹೊಗಳಿದರು. ಆದರೂ ಅವರ ಮನಸ್ಸಿನಲ್ಲಿ ಒಂದು ಕೊರತೆ ಉಳಿದಿತ್ತು. "ಮೂರು ದಿನಗಳಿಂದ ಇಲ್ಲಿದ್ದೇನೆ, ಈ ಸೀಮೆಯ ಜನರು ತಮ್ಮ ಮನೆಯಲ್ಲಿ ಉಣ್ಣುವ ಊಟ ನನಗಿನ್ನೂ ಸಿಕ್ಕಿಲ್ಲ" ಎಂದರು. ಅವರು ಇಳಿದುಕೊಂಡಿದ್ದ ವಸತಿಗೃಹದ ತಿನಿಸಿನ ಪಟ್ಟಿಯಲ್ಲಿ ಪಂಜಾಬದ ಪದಾರ್ಥಗಳಿದ್ದವು, ಚೀನದ ಹೆಸರು ಹೊತ್ತ ನೂಡಲ್ಸ್ ಇದ್ದವು, ಇಡ್ಲಿ ದೋಸೆಗಳಿದ್ದವು. ಜೋಳದ ರೊಟ್ಟಿಯೊಂದು ಮಾತ್ರ ಇರಲಿಲ್ಲ! ಇದನ್ನು ಕೇಳಿ ನಾವು ನಾಚಿದೆವು. ಕೂಡಲೇ ಅವರನ್ನು ಬನಶಂಕರಿಯ ಗುಡಿಯ ಮುಂದೆ ಕರೆದೊಯ್ದು, ಒಬ್ಬ ಮುದುಕಿಯ ರೊಟ್ಟಿಯ ಬುಟ್ಟಿಯೆದುರು ಕುಳ್ಳಿರಿಸಿದೆವು.

ಆ ಬುಟ್ಟಿಯ ವೈಭವವನ್ನು ಬಲ್ಲವರೇ ಬಲ್ಲರು. ಬಿಳಿಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಕಾಯಿಯ ಪಲ್ಯ, ಮೊಳಕೆಯ ಕಾಳು, ಜುಣಕ, ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಚಿಕ್ಕ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು. "ಉಣ್ರಿ ಯಪ್ಪಾ, ಇನ್ನೊಂದ ರೊಟ್ಟಿ ಹಾಕ್ತೇನಿ" ಎಂಬ ಉಪಚಾರಕ್ಕೆ ಪಟ್ಟಿಯಲ್ಲಿ ಬೆಲೆ ಬರೆಯಲಾಗದು. ನಮ್ಮ ಅತಿಥಿಗಳು ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ, ಮೊಸರು ಬೆರೆಸಿಕೊಳ್ಳುತ್ತ, ನಾಲ್ಕು ರೊಟ್ಟಿ ಉಂಡೆದ್ದರು. ಬಳಿಕ ತಮ್ಮ ದೇಶದ ರೂಢಿಯನ್ನು ಕುರಿತು ಅವರು ಆಡಿದ ಮಾತುಗಳಿಂದಲೇ ಈ ಲೇಖನ ಹುಟ್ಟಿತು.

ಜರ್ಮನಿಯಲ್ಲಿ ಪ್ರವಾಸಿಯು ಒಳ್ಳೆಯ ಊಟವನ್ನು ಹುಡುಕುವುದಕ್ಕೆ ಒಂದು ಕ್ರಮವಿದೆಯಂತೆ. ನಿಲ್ದಾಣದ ಮುಂದಿನ ಥಳಕಿನ ಅಂಗಡಿಯನ್ನು ಬಿಟ್ಟು ಎರಡು ಓಣಿ ಒಳಗೆ ಹೋಗಬೇಕು. ಆ ದಿನದ ಅಡಿಗೆಯನ್ನು ಕೈಬರಹದಲ್ಲಿ ಬರೆದು ತೂಗಹಾಕಿದ ಮನೆಯನ್ನು ನೋಡಬೇಕು. ಊರಿನ ಹಿರಿಯರು ದಿನವೂ ಬಂದು ಕೂಡುವ, ಬೇರೆಯವರಿಗೆ ಬಿಟ್ಟುಕೊಡದ ಮೇಜು ಅಲ್ಲಿದ್ದರೆ ಆ ಮನೆಯನ್ನು ನಂಬಬೇಕು. ಆ ಮೇಜಿಗೆ ಅವರ ನುಡಿಯಲ್ಲಿ ಷ್ಟಾಮ್‌ಟಿಶ್ ಎಂದು ಹೆಸರು. ಊರೂರಿಗೆ ತಿನಿಸು ಬೇರೆ, ಬಿಯರು ಬೇರೆ. ಬಾಂಬೆರ್ಗ್ ಎಂಬ ಊರಿನ ಬಿಯರಿಗೆ ಹೊಗೆಯ ವಾಸನೆ, ಏಕೆಂದರೆ ಅದರ ಮೊಳಕೆಬಾರ್ಲಿಯನ್ನು ಸೌದೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ. ಕೊಲೋನ್ ಪಟ್ಟಣದ ಬಿಯರಿಗೆ ಕ್ಯೋಲ್ಶ್ ಎಂದು ಹೆಸರು; ಅದನ್ನು ಚಿಕ್ಕ ಗಾಜಿನ ಲೋಟಗಳಲ್ಲಿ ಒಂದರ ಮೇಲೊಂದರಂತೆ ತಂದಿಡುತ್ತ ಹೋಗುತ್ತಾರೆ; ಸಾಕೆನಿಸಿದವನು ಲೋಟದ ಅಡಿಗಿಡುವ ಬಿಲ್ಲೆಯನ್ನೆತ್ತಿ ಅದರ ಬಾಯಿಗೆ ಮುಚ್ಚಬೇಕು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದಂತೆಯೇ ಸರಿ! ಹೊರಗಿನವರು ತಮ್ಮ ಸರಕಿಗೆ ಆ ಹೆಸರನ್ನು ಬಳಸದಂತೆ 1997 ರಲ್ಲಿ ಐರೋಪ್ಯ ಒಕ್ಕೂಟದ ರಕ್ಷಣೆಯೂ ದೊರೆತಿದೆ.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ನಾವು ಮದ್ಯದ ಪಕ್ಷಪಾತಿಗಳಲ್ಲ. 1949 ರಲ್ಲಿ ಮುಂಬಯಿ ಸರಕಾರವು ಪಾನನಿರೋಧದ ಕಾಯಿದೆಯನ್ನು ಮಾಡಿದಾಗ ಈ ಬಾದಾಮಿಯ ಸೀಮೆಯೂ ಆ ಪ್ರಾಂತಕ್ಕೆ ಸೇರಿತ್ತು; 2007 ರಲ್ಲಿ ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟುದನ್ನು ನಾವು ಕಂಡಿದ್ದೇವೆ. ಬಾದಾಮಿಯ ಬಿಸಿಲಿಗೆ ಮಜ್ಜಿಗೆಯೂ ಅಂಬಲಿಯೂ ಸಾಕೆಂಬುದು ನಮ್ಮ ಮತ. ನಾವು ಜರ್ಮನರಿಂದ ಕಲಿಯಬೇಕೆನ್ನುವುದು ಅವರ ಪಾನವನ್ನಲ್ಲ, ತಮ್ಮ ಊರಿನ ಪದಾರ್ಥದ ವಿಷಯದಲ್ಲಿ ಅವರಿಗಿರುವ ಅಭಿಮಾನವನ್ನು ಮತ್ತು ಕಟ್ಟುಪಾಡನ್ನು.

ಆ ಕಟ್ಟುಪಾಡು ನಿನ್ನೆ ಮೊನ್ನೆಯದಲ್ಲ. 1516 ರ ಏಪ್ರಿಲ್ 23 ರಂದು ಬವೇರಿಯದ ಅರಸರು ಇಂಗೋಲ್‌ಸ್ಟಾಟ್ ಎಂಬಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದರು. ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂ, ನೀರು, ಈ ಮೂರನ್ನಲ್ಲದೆ ಬೇರೊಂದನ್ನು ಹಾಕಕೂಡದೆಂದು ಅದರಲ್ಲಿ ವಿಧಿಸಿದರು. ಅದೇ ಆಜ್ಞೆಯಲ್ಲಿ ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಮಾರಾಟದ ದರವನ್ನೂ ಗೊತ್ತುಪಡಿಸಿದರು. ಶುದ್ಧಿಯ ಮಾತು ಎಲ್ಲರಿಗೂ ನೆನಪಿದೆ, ದರದ ಮಾತನ್ನು ಜನರು ಮರೆತಿದ್ದಾರೆ. ಆದರೆ ಗಿರಾಕಿಗೆ ಎರಡೂ ಬೇಕು. 1906 ರ ಹೊತ್ತಿಗೆ ಶುದ್ಧಿಯ ಆ ಕಟ್ಟಳೆ ಜರ್ಮನ್ ಸಾಮ್ರಾಜ್ಯಕ್ಕೆಲ್ಲ ವ್ಯಾಪಿಸಿತು.

ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. ಮ್ಯೂನಿಕ್ ಪಟ್ಟಣದಲ್ಲಿ ಬಿಯರು ಕಾಸುವವರು ತಮ್ಮ ನೆಲಮಾಳಿಗೆಗಳ ಮೇಲಿನ ಮರಗಳ ನೆರಳಿನಲ್ಲಿ ಜನರನ್ನು ಕೂಡ್ರಿಸಿ ಮಾರಹತ್ತಿದಾಗ ಊಟದಂಗಡಿಯವರು ತಕರಾರು ತೆಗೆದರು. 1812 ರಲ್ಲಿ ಅಲ್ಲಿನ ರಾಜನು ಇಬ್ಬರಿಗೂ ಒಪ್ಪುವಂತೆ ತೀರ್ಪಿತ್ತನು: ಪಾನ ಮಾರಬಹುದು, ರೊಟ್ಟಿಯ ಹೊರತು ಅಡಿಗೆಯನ್ನು ಮಾರಕೂಡದು. ಜನರು ಮನೆಯಿಂದ ಬುತ್ತಿ ತರತೊಡಗಿದರು. ಬವೇರಿಯದ ಆ ತೋಟಗಳಲ್ಲಿ ಇಂದಿಗೂ ಬುತ್ತಿ ಬಿಚ್ಚಿ ಉಣ್ಣುವ ಹಕ್ಕು ಬಡವನಿಗೂ ಶ್ರೀಮಂತನಿಗೂ ಒಂದೇ ಆಗಿದೆ. ಇದನ್ನು ಕೇಳಿ ನಮಗೆ ಬನಶಂಕರಿಯ ಹೊಂಡದ ದಂಡೆಯೇ ಕಣ್ಣಿಗೆ ಕಟ್ಟಿತು! ಚಕ್ಕಡಿ ಹೂಡಿಕೊಂಡು ಬಂದು, ಬುತ್ತಿಯ ಗಂಟು ಬಿಚ್ಚಿ, ನೆರೆಯವರಿಗೆ ಕೊಟ್ಟು ತಾವೂ ಉಂಡು ಹೋದ ನಮ್ಮ ಹಿರಿಯರು ಯಾವ ಆಜ್ಞೆಯಿಂದ ಇದನ್ನು ಕಲಿತರು?

ಜರ್ಮನರ ಸಂಬಂಧ ಈ ಸೀಮೆಗೆ ಹೊಸತಲ್ಲ. ಬಾಸೆಲ್ ಮಿಶನ್ನಿನವರು 1837 ರಲ್ಲಿ ಧಾರವಾಡಕ್ಕೆ ಬಂದರು. ಇದೇ ಬಾದಾಮಿಯ ನೆರೆಯ ಗುಳೇದಗುಡ್ಡದಲ್ಲಿ 1851 ರಲ್ಲಿ ನೆಲೆಯೂರಿದರು. 1843 ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವರ ಋಣವನ್ನು ಪತ್ರಿಕೆಯ ಕಸುಬಿನ ನಾವು ಮರೆಯಲಾರೆವು. ಫರ್ಡಿನಂಡ್ ಕಿಟ್ಟೆಲ್ ಅವರ ಕೋಶವು 1894 ರಲ್ಲಿ ಪ್ರಕಟವಾಯಿತು. ಎಪ್ಪತ್ತು ಸಾವಿರದಷ್ಟು ಶಬ್ದಗಳನ್ನು ಕೂಡಿಹಾಕುವಾಗ ಆ ಪಂಡಿತರು ನಮ್ಮ ಅಡಿಗೆಮನೆಯ ಮಾತನ್ನೂ ಹೊಲದ ಮಾತನ್ನೂ ಕೀಳೆಂದು ಬಿಡಲಿಲ್ಲ. ಪರದೇಶದವರು ಆದರಿಸಿದ ನಮ್ಮ ಅಡಿಗೆಯ ಶಬ್ದಗಳು ಕೋಶದಲ್ಲಿ ಉಳಿದು, ಆ ಅಡಿಗೆಯೇ ಬಾದಾಮಿಯ ಊಟದ ಪಟ್ಟಿಯಿಂದ ಮಾಯವಾಗುವುದು ಯಾವ ನ್ಯಾಯ?

ಬನಶಂಕರಿಯೇ ಶಾಕಂಬರಿ. ಕ್ಷಾಮದಲ್ಲಿ ತನ್ನ ದೇಹದಿಂದ ಕಾಯಿಪಲ್ಯಗಳನ್ನು ಹೊಮ್ಮಿಸಿ ಲೋಕವನ್ನು ಸಲಹಿದ ತಾಯಿ ಅವಳೆಂದು ಪುರಾಣ ಹೇಳುತ್ತದೆ. ಪಲ್ಯೇದ ಹಬ್ಬದ ದಿನ 108 ಬಗೆಯ ಪಲ್ಯಗಳನ್ನು ಅವಳಿಗೆ ಎಡೆಹಿಡಿಯುವ ಸಂಪ್ರದಾಯ ಈ ಕ್ಷೇತ್ರದ್ದು. ಅನ್ನವನ್ನೇ ದೇವತೆಯ ರೂಪದಲ್ಲಿ ಪೂಜಿಸುವ ಸ್ಥಳದಲ್ಲಿ ಅನ್ನ ನೀಡುವ ಹೆಣ್ಣುಮಕ್ಕಳು ಬಿಸಿಲಲ್ಲಿ, ದೂಳಿನಲ್ಲಿ, ವಾಹನಗಳ ಗಾಲಿಯ ಬದಿಯಲ್ಲಿ ಕುಳಿತಿರುತ್ತಾರೆ. ಸುತ್ತಲಿನ ಹಳ್ಳಿಗಳಿಂದ ನಸುಕಿನಲ್ಲೆದ್ದು ರೊಟ್ಟಿ ಬಡಿದು ತಲೆಯ ಮೇಲೆ ಹೊತ್ತು ತಂದವರು ಅವರು. ಅವರ ಬುಟ್ಟಿ ಖಾಲಿಯಾದರೆ ಮನೆಯ ಒಲೆ ಉರಿಯುತ್ತದೆ. ಜೋಳ ಬಿತ್ತಿದ ರೈತನಿಗೂ ಒಂದು ಗಿರಾಕಿ ಉಳಿಯುತ್ತದೆ. 2023 ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳ ಸಜ್ಜೆಗಳನ್ನು ಕುರಿತು ಭಾಷಣಗಳಿಗೆ ಬರಗಾಲವಿರಲಿಲ್ಲ. ಭಾಷಣದಿಂದ ಬಿಸಿಲು ತಗ್ಗುವುದಿಲ್ಲ.

ಈ ಹೆಣ್ಣುಮಕ್ಕಳ ಮೇಲೆ ದೂರುಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಒಬ್ಬಳು ಕೇಳಿದ ದರವನ್ನು ಮಗ್ಗುಲವಳು ಕೇಳುವುದಿಲ್ಲ. ಹೊಸಬನನ್ನು ಕಂಡರೆ ನಾಲ್ವರು ಒಮ್ಮೆಗೇ ಮುತ್ತುತ್ತಾರೆ. ಕೈತೊಳೆಯುವ ನೀರಿಗೆ ತಾಪತ್ರಯ. ಇವನ್ನು ಕಾರಣ ಮಾಡಿ, ಸ್ವಚ್ಛತೆಯ ಹೆಸರಿನಲ್ಲಿ ಬೀದಿಯಲ್ಲಿ ಮಾರುವವರನ್ನು ಎಬ್ಬಿಸುವುದು ಎಲ್ಲೆಡೆಯೂ ಆಡಳಿತಕ್ಕೆ ಸುಲಭವಾಗಿ ಹೊಳೆಯುವ ಉಪಾಯ. ಅಂಥ ಆಲೋಚನೆ ಇಲ್ಲಿ ಎಂದೂ ತಲೆಯೆತ್ತಬಾರದು. 2014 ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯು ನಗರ ಪಟ್ಟಣಗಳನ್ನೇ ಕಣ್ಣಮುಂದಿಟ್ಟುಕೊಂಡು ಆದುದು. ಹಳ್ಳಿಯ ಕ್ಷೇತ್ರದಲ್ಲಿ ಕೂಡುವ ಇವರಿಗೆ ಪಂಚಾಯತಿಯೂ ದೇವಸ್ಥಾನದವರೂ ತೋರುವ ದಾಕ್ಷಿಣ್ಯವೇ ಆಸರೆ. ದಾಕ್ಷಿಣ್ಯವನ್ನು ವ್ಯವಸ್ಥೆಯನ್ನಾಗಿ ಮಾಡುವುದು ಜಾಣತನ.

ಆದುದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಸೂಚನೆಗಳು ಇಷ್ಟೆ. ಹೊಂಡದ ಸಮೀಪದಲ್ಲಿ ಒಂದು ಕಟ್ಟೆಯನ್ನೂ ಅದರ ಮೇಲೆ ನೆರಳನ್ನೂ ಮಾಡಿಕೊಡಲಿ. ಕುಡಿಯುವ ನೀರಿಗೂ ಕೈತೊಳೆಯುವುದಕ್ಕೂ ನಳಗಳನ್ನು ಹಾಕಿಸಲಿ. ಆ ಹೆಣ್ಣುಮಕ್ಕಳೇ ಕೂಡಿ ಒಪ್ಪಿದ ದರವನ್ನು ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಹಲಗೆಯ ಮೇಲೆ ಬರೆಸಲಿ. ಬವೇರಿಯದವರಿಗೆ 1516 ರಲ್ಲಿ ಸಾಧ್ಯವಾದುದು ನಮಗೆ ಇಂದು ಅಸಾಧ್ಯವೆ? ಪ್ಲಾಸ್ಟಿಕ್ಕಿನ ತಾಟುಗಳನ್ನು ಬಿಡಿಸಿ ಮುತ್ತಲದ ಎಲೆಯನ್ನು ತರಲಿ. ಬಾದಾಮಿಯ ಖಾನಾವಳಿ ವಸತಿಗೃಹಗಳ ಯಜಮಾನರಾದರೂ ತಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ರೊಟ್ಟಿಯ ಊಟವನ್ನು ಬರೆಯಲಿ. ತಾವು ಮನೆಯಲ್ಲಿ ಉಣ್ಣುವುದನ್ನು ಗಿರಾಕಿಗೆ ಬಡಿಸಲು ನಾಚಬೇಕಾದ ಕಾರಣವೇನೂ ಇಲ್ಲ.

ವಾಚಕರಿಗೂ ಒಂದು ಮಾತು. ಪರವೂರಿನ ಬೀಗರೋ, ಮೇಲಧಿಕಾರಿಗಳೋ ಬಂದಾಗ ಅವರಿಗೆ ಕಟ್ಲೆಟ್ಟು ತರಿಸಿ ಮರ್ಯಾದೆ ಮಾಡಿದೆವೆಂದು ಬೀಗುವವರು ನಮ್ಮವರೇ. ಜರ್ಮನಿಯಲ್ಲಿಯೂ ಹಳ್ಳಿಯ ಊಟದ ಮನೆಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆಯೆಂದು ನಮ್ಮ ಅತಿಥಿಗಳು ವ್ಯಸನಪಟ್ಟರು. ಊರಿನವರು ಹೋಗುವುದನ್ನು ಬಿಟ್ಟ ಮೇಲೆ ಕಾಯಿದೆಯೂ ಕಾಯಲಾರದೆಂದರು. ಅದು ನಮಗೂ ಎಚ್ಚರಿಕೆಯ ಮಾತು. ಬುಟ್ಟಿಯ ಮುಂದೆ ಮೊದಲು ಕೂಡಬೇಕಾದವರು ಪ್ರವಾಸಿಗಳಲ್ಲ, ನಾವು.

ಆ ಗೃಹಸ್ಥರು ಹೊರಡುವಾಗ ಒಣಗಿಸಿದ ಕಡಕ ರೊಟ್ಟಿಯ ಕಟ್ಟೊಂದನ್ನು ಕೊಂಡು ಚೀಲದಲ್ಲಿಟ್ಟುಕೊಂಡರು. ಮುದುಕಿಯು ಅದರ ಮೇಲೆ ಹಿಂಡಿಯ ಪೊಟ್ಟಣವನ್ನಿಟ್ಟು, ಅದಕ್ಕೆ ಹಣವನ್ನು ಮುಟ್ಟಲಿಲ್ಲ. ಮುಂದಿನ ಬನದ ಹುಣ್ಣಿಮೆಯ ತೇರು ಎಳೆಯುವ ಮೊದಲು ಅವಳ ತಲೆಯ ಮೇಲೊಂದು ನೆರಳು ಬಂದಿರುವುದೆಂದು ಆಶಿಸುತ್ತೇವೆ.