ಎಲೆಯೊಳಗೆ ಹುಳು, ಅಂಗಡಿಯಲ್ಲಿ ಸಾಲ

ಟೊಮ್ಯಾಟೊ ಎಲೆಯಲ್ಲಿ ಅಗಲ ಬಿಳಿ ಮಚ್ಚೆ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ, ಸ್ವಲ್ಪ ನಿಲ್ಲಿ. ಅದು ನಮ್ಮ ಸೀಮೆಯ ಹುಳುವಲ್ಲ. ಹೆಸರು ಟೂಟಾ ಅಬ್ಸಲ್ಯೂಟಾ, ತವರು ದಕ್ಷಿಣ ಅಮೆರಿಕ. 2006ರಲ್ಲಿ ಸ್ಪೇನಿಗೆ ಇಳಿಯಿತು. 2014ರಲ್ಲಿ ಮಹಾರಾಷ್ಟ್ರದಲ್ಲೂ ನಮ್ಮ ಕರ್ನಾಟಕದಲ್ಲೂ ಸಿಕ್ಕಿಬಿತ್ತು. ನಡುವೆ ಎಂಟು ವರ್ಷ! ಗಡಿಯಲ್ಲಿ ತಪಾಸಣೆಗೆಂದೇ ಸಂಬಳ ತಿನ್ನುವವರು ಏನ್ ಮಾಡ್ತಿದ್ರು, ಸ್ವಾಮಿ?

ಮರಿಹುಳು ಎಲೆಯ ಎರಡು ಪದರದ ನಡುವೆ ಸುರಂಗ ಕೊರೆದು ಕೂರುತ್ತದೆ, ಕಾಯಿಯೊಳಕ್ಕೂ ನುಗ್ಗುತ್ತದೆ. ಸುಮ್ಮನೆ ಮೇಲೆ ಹೊಡೆದದ್ದು ಅದಕ್ಕೆ ತಾಗುವುದೆಲ್ಲಿ? ಒಂದೇ ಔಷಧಿ ಮತ್ತೆ ಮತ್ತೆ ಬಿದ್ದರೆ ಹುಳು ಅದನ್ನೂ ಅರಗಿಸಿಕೊಳ್ಳುತ್ತದೆ. ಅರಗದೆ ಉಳಿಯೋದು ನಮ್ಮ ಉದ್ರಿ ಲೆಕ್ಕ ಮಾತ್ರ. ಔಷಧಿ ಬೇಡವೇ ಬೇಡ ಅಂತಲ್ಲ. ಮಾರುವವನನ್ನೇ ವೈದ್ಯ ಮಾಡಿಕೊಳ್ಳಬೇಡಿ ಅಂತ.

ನಾಟಿಯಾದ ಕೂಡಲೇ ಮೋಹಕ ಬಲೆ ಕಟ್ಟಿ. ಹೆಣ್ಣಿನ ವಾಸನೆಗೆ ಗಂಡು ಪತಂಗ ಬಂದು ಬಿದ್ದರೆ ಹೊಲಕ್ಕೆ ಹುಳು ಬಂತೆಂದೇ ತಿಳಿಯಿರಿ. ಸುರಂಗದ ಎಲೆ, ತೂತು ಕಾಯಿ ಬದುವಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಕೊಯ್ಲಾದ ಗಿಡ ನಿಲ್ಲಿಸಬೇಡಿ, ಅದೇ ಹುಳುವಿನ ಛತ್ರ. ನೀವು ಮಾಡಿ ಪಕ್ಕದವನು ಬಿಟ್ಟರೆ ಎಲ್ಲಾ ದಂಡ. ಊರಿಗೆ ಊರೇ ಮಾಡಬೇಕು.

ಟೊಮ್ಯಾಟೊಗೆ ಬೆಂಬಲ ಬೆಲೆ ಇಲ್ಲ. ತೂತು ಕಾಯಿ ಮಂಡಿಯಲ್ಲಿ ಕೇಳೋರಿಲ್ಲ. ಅವರು ಒಳಗೆ ಬಿಟ್ಟ ಹುಳುವಿಗೆ ಬಲೆಯ ಖರ್ಚೂ ನಮ್ಮದೇ ಏನು? ಮುಂದಿನ ನಾಟಿಗೆ ಮುಂಚೆ ಪುಕ್ಕಟೆ ಬಲೆ ಕೊಡಿ ಎಂದು ತೋಟಗಾರಿಕೆ ಇಲಾಖೆಗೆ ಊರೂರಿನಿಂದ ಅರ್ಜಿ ಹೋಗಲಿ. ಕೊಡದಿದ್ದರೆ ಆ ತೂತು ಕಾಯನ್ನೇ ಕಚೇರಿ ಬಾಗಿಲಿಗೆ ಸುರಿಯೋಣ.